‘ಹಿಂದೆ’ ಅಂದ್ರೆ ಹಿಂದಿ ಅಲ್ಲ

ನಾನು ಮೊಬೈಲ್‌ನಲ್ಲಿ ಆಟ ಆಡಿ ಸಂಬಳ ತಗೊಂಡವನು. ತಿಪಟೂರಿನಲ್ಲಿ ಯಾರಿಗಾದರೂ ಹೀಗೆ ಹೇಳಿದರೆ ಬರುವ ಮೊದಲ ಪ್ರಶ್ನೆ, ‘ರಮ್ಮಿನಾ?’ ಎರಡನೆಯದು, ‘ಎಷ್ಟು ಬಂತು?’ ರಮ್ಮಿ ಅಲ್ಲ. ಎಷ್ಟು ಬಂತು ಅನ್ನೋದನ್ನ ಲೆಕ್ಕ ಸಮೇತ ಮುಂದೆ ಹೇಳುತ್ತೇನೆ. ಒಟ್ಟು ಆರು ವರ್ಷ ಆಡಿದೆ, ಅದರಲ್ಲಿ ಸಂಬಳ ಬಂದದ್ದು ಇಪ್ಪತ್ತು ತಿಂಗಳು.

ನಮ್ಮಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಬೋರ್‌ವೆಲ್ ಮೋಟಾರ್ ಸುಟ್ಟುಕೊಂಡು ರೈತರು ಸಾಲಾಗಿ ಬರುತ್ತಾರೆ. ಅಂಗಡಿ ತುಂಬಾ ವಾರ್ನಿಷ್ ವಾಸನೆ. ತಂತಿ ಸುತ್ತುವಾಗ ಅಪ್ಪ ಯಾರ ಜೊತೆಗೂ ಮಾತಾಡುವುದಿಲ್ಲ, ಸುತ್ತಿನ ಲೆಕ್ಕ ತಪ್ಪಿದರೆ ಕಾಯಿಲ್ ಹೋಯಿತು. ಚಿಕ್ಕವನಿದ್ದಾಗ ಪಕ್ಕದಲ್ಲಿ ಕೂತು ನಾನೂ ಎಣಿಸುತ್ತಿದ್ದೆ. ಎಣಿಸುವ ಆ ಚಾಳಿ ಮುಂದೆ ಅನ್ನ ಕೊಡುತ್ತದೆ ಅಂತ ಆಗ ಗೊತ್ತಿರಲಿಲ್ಲ.

2018ರಲ್ಲಿ ಪಬ್‌ಜಿ ಮೊಬೈಲ್ ಬಂದಾಗ ನಾನು ಸೆಕೆಂಡ್ ಪಿಯುಸಿ. ತಂಡ ತಂಡವಾಗಿ ಬಂದೂಕು ಹಿಡಿದು ಇಳಿದು, ಕೊನೆಗೆ ಉಳಿದವರು ಗೆಲ್ಲುವ ಆಟ ಅದು. ನಾವು ನಾಲ್ವರು ಗೆಳೆಯರು. ಒಬ್ಬನ ಹತ್ತಿರ ಪೋಕೋ ಎಫ್1 ಇತ್ತು, ಆಗಿನ ಕಾಲಕ್ಕೆ ಇಪ್ಪತ್ತೊಂದು ಸಾವಿರದ ಫೋನು. ಅವನೇ ಶ್ರೀಮಂತ, ಹಾಗಾಗಿ ಅವನೇ ಸ್ನೈಪರ್, ದೂರದಿಂದ ಗುರಿ ಇಟ್ಟು ಹೊಡೆಯುವವನು. ನನ್ನ ಫೋನು ಎರಡನೇ ಮ್ಯಾಚ್‌ಗೇ ದೋಸೆ ಹೆಂಚಿನ ಹಾಗೆ ಕಾಯುತ್ತಿತ್ತು. ಎದುರಾಳಿ ಕಂಡ ಅನ್ನುವಷ್ಟರಲ್ಲಿ ಸ್ಕ್ರೀನ್ ನಿಂತು, ಮತ್ತೆ ಓಡುವಾಗ ನಾನು ನೆಲದಲ್ಲಿರುತ್ತಿದ್ದೆ. ಗುಂಡು ಹೊಡೆದು ಗೆಲ್ಲುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಅದಕ್ಕೇ ನೋಡೋದು, ಕೇಳೋದು, ಹೇಳೋದು ಕಲಿತೆ. ಎಷ್ಟು ತಂಡ ಉಳಿದಿವೆ, ಯಾವ ಕಡೆಯಿಂದ ಗಾಡಿ ಸದ್ದು ಬಂತು, ಯಾವ ಮನೆಯ ಬಾಗಿಲು ತೆರೆದಿತ್ತು. ಇದೆಲ್ಲ ಸುಮ್ನೆ ಬಾಯಿಂದ ಬರುತ್ತಲೇ ಇರಬೇಕು. ಇದಕ್ಕೆ ಕಾಲ್‌ಔಟ್ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಎರಾಂಗೆಲ್ ಅನ್ನುವ ಮ್ಯಾಪ್ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ನಮಗೆ ಅದು ಎರಡನೇ ಊರು. ರಸ್ತೆ ಪಕ್ಕ ಮೂರು ಮನೆ ಒತ್ತೊತ್ತಾಗಿದ್ದ ಜಾಗಕ್ಕೆ ನಾವು ಇಟ್ಟ ಹೆಸರು ‘ಅಣ್ಣತಮ್ಮಂದಿರ ಮನೆ’. ಪಾಲಾದ ಮೇಲೆ ಕಟ್ಟಿಕೊಂಡ ಹಾಗೇ ಇದ್ದವು. ಅದರಲ್ಲಿ ರೋಝೋಕ್ ಅನ್ನುವ ಊರಿನ ಪಕ್ಕದ ಸ್ಕೂಲ್ ನಮಗೆ ‘ಬಾಯ್ಸ್ ಕಾಲೇಜು’. ಮಿಲಿಟರಿ ಬೇಸ್‌ಗೆ ಹೋಗುವ ಸೇತುವೆ ‘ಟೋಲ್’, ಯಾಕೆಂದರೆ ಸುಂಕ ಕಟ್ಟದೆ ಯಾರೂ ಅಲ್ಲಿ ದಾಟುತ್ತಿರಲಿಲ್ಲ. ‘ಲೋ, ಅಣ್ಣತಮ್ಮಂದಿರ ಮನೇಲಿ ಇಬ್ಬರು, ದೊಡ್ಡಣ್ಣನ ಮಹಡಿ ಮೇಲೆ ಒಬ್ಬ’ ಅಂದರೆ ಸಾಕು. ನಾಲ್ಕೂ ಬಂದೂಕು ಒಂದೇ ಕಿಟಕಿಗೆ ತಿರುಗುತ್ತಿದ್ದವು.

ಆ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ಕ್ಯಾಂಪಸ್ ಚಾಂಪಿಯನ್‌ಶಿಪ್ ಫೈನಲ್ ನಡೆಯಿತು. ನಾವು ಮೊದಲ ಸುತ್ತಿಗೇ ಮನೆಗೆ ಬಂದಿದ್ದೆವು, ಅದನ್ನು ದೊಡ್ಡದು ಮಾಡುವುದು ಬೇಡ. ಆದರೆ 2019ರ ಮಾರ್ಚ್‌ನಲ್ಲಿ ಹೈದರಾಬಾದ್‌ನಲ್ಲಿ ಇಂಡಿಯಾ ಸೀರೀಸ್ ಗೆದ್ದ ಟೀಮ್ ಸೋಲ್‌ಗೆ 30 ಲಕ್ಷ ಬಂತು ಅಂತ ಗೊತ್ತಾದಾಗ ಎದೆ ಧಸಕ್ಕೆಂದಿತು. ಅದೇ ತಿಂಗಳು ರಾಜ್‌ಕೋಟ್‌ನಲ್ಲಿ ಪಬ್‌ಜಿ ಆಡಿದರು ಅಂತ ಹುಡುಗರನ್ನು ಪೊಲೀಸರು ಹಿಡಿದಿದ್ದರು. ಅಮ್ಮ ಎರಡನೇ ಸುದ್ದಿಯನ್ನಷ್ಟೇ ನಂಬಿದಳು.

ಮುಂದಿನ ಒಂದೂವರೆ ವರ್ಷ ಸ್ಕ್ರಿಮ್ಸ್. ಅಂದರೆ ತಂಡಗಳು ಸೇರಿ ಆಡುವ ಅಭ್ಯಾಸ ಪಂದ್ಯ. ಯಾರೋ ಒಬ್ಬ ರೂಮ್ ಹಾಕುತ್ತಾನೆ, ತಂಡಕ್ಕೆ ಇಷ್ಟು ಅಂತ ಕೊಟ್ಟರೆ ಸ್ಲಾಟ್ ಸಿಗುತ್ತದೆ. ಆಟಕ್ಕೆ ಹತ್ತು ನಿಮಿಷ ಮುಂಚೆ ರೂಮಿನ ಐಡಿ, ಪಾಸ್‌ವರ್ಡ್ ಬರಬೇಕು. ಅದಕ್ಕೆ ಐಡಿಪಿ ಅನ್ನುತ್ತೇವೆ. ‘ಐಡಿಪಿ ಬಂತಾ?’ ಅನ್ನುವುದು ನಮ್ಮ ಕಸುಬಿನ ‘ಊಟ ಆಯ್ತಾ?’ ಇದ್ದ ಹಾಗೆ. ದುಡ್ಡು ಇಸ್ಕೊಂಡು ಐಡಿಪಿ ಕಳಿಸದೆ ಮಾಯವಾದವರ ಪಟ್ಟಿ ನನ್ನ ಹತ್ತಿರ ಇನ್ನೂ ಇದೆ. ಕರೆಂಟ್ ಹೋದರೆ ಅಂಗಡಿಯ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿಕೊಂಡು ಆಡುತ್ತಿದ್ದೆ. ಅಪ್ಪ ನೋಡಿಯೂ ನೋಡದ ಹಾಗೆ ಇರುತ್ತಿದ್ದರು.

2020ರ ಸೆಪ್ಟೆಂಬರ್ 2. ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಇತ್ತು. ಮೊದಲೇ ಫೋನಿಗೆ ಇಳಿಸಿಕೊಂಡಿದ್ದವರು ಅಕ್ಟೋಬರ್ 30ರವರೆಗೆ ಆಡಿದೆವು. ಕೊನೆಯ ರಾತ್ರಿ ನಾಲ್ವರೂ ಗನ್ ಎತ್ತದೆ ಗಾಡಿ ಹತ್ತಿ ಅಣ್ಣತಮ್ಮಂದಿರ ಮನೆಗೆ ಹೋಗಿ, ಮಹಡಿ ಮೇಲೆ ನಿಂತೆವು. ಯಾರೋ ದೂರದಿಂದ ನಾಲ್ವರನ್ನೂ ಹೊಡೆದು ಹಾಕಿದ. ಪಾಪ, ಅವನಿಗೇನು ಗೊತ್ತು.

ಮರುವರ್ಷ, 2021ರ ಜುಲೈ 2ರಂದು ಅದೇ ಆಟ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅಂತ ಹೆಸರು ಬದಲಿಸಿಕೊಂಡು ಬಂತು. ಮೊದಲ ದೊಡ್ಡ ಟೂರ್ನಿ ಬಿಜಿಐಎಸ್, ಒಟ್ಟು ಬಹುಮಾನ ಒಂದು ಕೋಟಿ. ಯಾರು ಬೇಕಾದರೂ ಹೆಸರು ಕೊಡಬಹುದಿತ್ತು. ಮೊದಲ ಸುತ್ತು ದಾಟಿದ 1024 ತಂಡಗಳಲ್ಲಿ ನಾವೂ ಇದ್ದೆವು! ಎರಡನೇ ಸುತ್ತಿನಲ್ಲಿ ಸೋತೆವು. ಆದರೆ ನಮ್ಮ ಲಾಬಿಯಲ್ಲಿ, ಅಂದರೆ ನಮ್ಮ ಜೊತೆ ಅದೇ ಪಂದ್ಯದಲ್ಲಿದ್ದ ಇನ್ನೊಂದು ತಂಡದ ಕೋಚ್ ನನಗೆ ಮೆಸೇಜ್ ಹಾಕಿದ. ಅವರ ಸಪೋರ್ಟರ್, ಅಂದರೆ ತಂಡದಲ್ಲಿ ಸುತ್ತಮುತ್ತ ನೋಡಿ ಹೇಳುವ ಆಟಗಾರ, ಬಿಟ್ಟು ಹೋಗಿದ್ದ. ಆಡುತ್ತಾ ಮಾತಾಡಿಕೊಳ್ಳುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಮೂರು ದಿನ ಟ್ರಯಲ್. ಕೊನೆಗೆ ಕೇಳಿದ ಒಂದೇ ಪ್ರಶ್ನೆ, ‘ಹಿಂದಿ ಆತೀ ಹೈ ನಾ, ಭಾಯ್?’

‘ಹಾಂ ಭಾಯ್’ ಅಂದೆ. ಹೈಸ್ಕೂಲಿನಲ್ಲಿ ಮೂರನೇ ಭಾಷೆ ಹಿಂದಿ ಇತ್ತಲ್ಲ, ಪಾಸೂ ಆಗಿದ್ದೆ. ಗಾಂಧೀಜಿ ಬಗ್ಗೆ ಹತ್ತು ವಾಕ್ಯ ಈಗಲೂ ಹೇಳಬಲ್ಲೆ.

ಒಪ್ಪಂದ ಹನ್ನೊಂದು ಪುಟ, ಪೂರ್ತಿ ಇಂಗ್ಲಿಷು. ತಿಂಗಳಿಗೆ 18 ಸಾವಿರ, ಊಟ ವಸತಿ ಅವರದೇ, ಬಹುಮಾನದಲ್ಲಿ ನೂರಕ್ಕೆ ಇಪ್ಪತ್ತು ಅವರಿಗೆ. ಅವಧಿಗೆ ಮುಂಚೆ ನಾನು ಬೇರೆ ತಂಡಕ್ಕೆ ಹೋದರೆ ಇಷ್ಟು ಲಕ್ಷ ಬೈಔಟ್. ಅಪ್ಪ ಅದನ್ನು ತಮಗೆ ಗೊತ್ತಿದ್ದ ವಕೀಲರ ಹತ್ತಿರ ಓದಿಸಿಕೊಂಡು ಬಂದು ಕೇಳಿದರು, ‘ನೀನು ಬಿಟ್ರೆ ನೀನು ದುಡ್ಡು ಕಟ್ಬೇಕು. ಸರಿ. ಅವರೇ ಬಿಟ್ರೆ?’ ಹನ್ನೊಂದು ಪುಟದಲ್ಲಿ ಎಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ನಾನು ಸಹಿ ಹಾಕಿದೆ. ಅಮ್ಮ ಚಟ್ನಿಪುಡಿ, ಹುರಿಗಾಳು, ಎರಡು ಕೆ.ಜಿ. ಕೊಬ್ಬರಿ ಕಟ್ಟಿಕೊಟ್ಟಳು. ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಸ್ಲೀಪರ್ ಬಸ್ಸು, 2022ರ ಜನವರಿಯಲ್ಲಿ ನವಿ ಮುಂಬೈಯ ಖಾರ್ಘರ್.

ಬೂಟ್‌ಕ್ಯಾಂಪ್ ಅಂದರೆ ಒಂದು ಮೂರು ಬೆಡ್‌ರೂಮಿನ ಫ್ಲ್ಯಾಟು. ಐದು ಆಟಗಾರರು, ಒಬ್ಬ ಕೋಚ್, ಅಡುಗೆಗೆ ಬರುವ ಒಬ್ಬ ಮಾವಶಿ. ಹಾಲ್‌ನಲ್ಲಿ ಉದ್ದ ಮೇಜು, ಐದು ಕುರ್ಚಿ. ಏಳುವುದು ಹನ್ನೊಂದಕ್ಕೆ. ಹನ್ನೆರಡಕ್ಕೆ ಹಿಂದಿನ ದಿನದ ಆಟದ ರೆಕಾರ್ಡಿಂಗ್ ನೋಡುವುದು, ಅದರಲ್ಲಿ ಕೋಚ್ ಎಲ್ಲರ ಬೆಂಡೆತ್ತುವುದು. ಮಧ್ಯಾಹ್ನ ಸ್ಕ್ರಿಮ್ಸ್, ರಾತ್ರಿ ಊಟ ಆದಮೇಲೆ ಮತ್ತೆ ಸ್ಕ್ರಿಮ್ಸ್. ಒಂದು ಮ್ಯಾಚ್ ಸುಮಾರು ಅರ್ಧ ಗಂಟೆ, ದಿನಕ್ಕೆ ಎಂಟು ಹತ್ತು ಮ್ಯಾಚ್. ಮಲಗುವಾಗ ಮೂರು ಗಂಟೆ. ನೋಡುವವರಿಗೆ ಇದು ಮಜಾ ಅನ್ನಿಸಬಹುದು. ಒಂದೇ ಗುಡ್ಡವನ್ನು ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ನಲವತ್ತು ದಿನ ಹತ್ತಿ ನೋಡಿ, ಆಮೇಲೆ ಮಾತಾಡೋಣ.

ಹೊರಗಿನವರು ಆಟ ಅಂದರೆ ಹೊಡೆಯೋದು ಅಂದುಕೊಂಡಿರುತ್ತಾರೆ. ಟೂರ್ನಿಯಲ್ಲಿ 16 ತಂಡ, 64 ಜನ. ಮೊದಲ ಇಪ್ಪತ್ತು ನಿಮಿಷ ಹೆಚ್ಚಿನ ತಂಡಗಳು ಒಂದು ಗುಂಡೂ ವ್ಯರ್ಥ ಮಾಡದೆ ಜಾಗ ಹಿಡಿಯುತ್ತಾ ಹೋಗುತ್ತವೆ. ಸುರಕ್ಷಿತ ವೃತ್ತ ಕುಗ್ಗುತ್ತಾ ಬಂದ ಹಾಗೆ ಜಾಗ ಸಾಲದೆ ಗಲಾಟೆ ಶುರು. ಆ ಹೊತ್ತಿಗೆ ತಂಡದ ನಾಯಕನಿಗೆ, ಐಜಿಎಲ್‌ಗೆ, ತನ್ನ ಮುಂದೆ ಇರುವುದಷ್ಟೇ ಕಾಣುತ್ತಿರುತ್ತದೆ. ಉಳಿದದ್ದನ್ನು ಅವನಿಗೆ ಕಾಣಿಸುವುದು ಸಪೋರ್ಟರ್‌ನ ಬಾಯಿ. ಆ ಬಾಯಿ ನನ್ನದು. ಮತ್ತು ಅದು ಹಿಂದಿ ಆಡಬೇಕು.

ದಿಕ್ಕಿನ ಡಿಗ್ರಿಗಳನ್ನು ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದರು, ಅದು ನನ್ನ ಪುಣ್ಯ. ‘ಟೂ ಫಾರ್ಟಿ, ಏಕ್ ನಾಕ್’ (ಆ ದಿಕ್ಕಿನಲ್ಲಿ ಒಬ್ಬ ಬಿದ್ದ) ಅಂದರೆ ಆಯಿತು. ಕಷ್ಟ ಇದ್ದದ್ದು ಸಣ್ಣ ಮಾತುಗಳಲ್ಲಿ. ತಗ್ಗು, ಏರಿ, ಪೊದೆ, ಗೋಡೆಯ ಮರೆ, ಇಣುಕುತ್ತಿದ್ದಾನೆ, ಬಗ್ಗಿದ್ದಾನೆ. ತಲೆಯಲ್ಲಿ ಮೊದಲು ಕನ್ನಡ ಬರುತ್ತದೆ, ಅದನ್ನು ತಿರುಗಿಸಿ ಹೇಳುವಷ್ಟರಲ್ಲಿ ಅರ್ಧ ಸೆಕೆಂಡ್ ಹೋಯಿತು. ಈ ಆಟದಲ್ಲಿ ಅರ್ಧ ಸೆಕೆಂಡ್ ಅಂದರೆ ಒಬ್ಬ ಸತ್ತ.

ಆ ಏಪ್ರಿಲ್‌ನ ಒಂದು ಕ್ವಾಲಿಫೈಯರ್. ಕೊನೆಯ ದಿನದ ಕೊನೆಯ ಮ್ಯಾಚ್. ಐದು ತಂಡ ಉಳಿದಿದ್ದವು, ನಾವು ನಾಲ್ವರೂ ಜೀವಂತ. ಎಲ್ಲರೂ ಮುಂದಿನ ಬಂಡೆ ಕಡೆ ನೋಡುತ್ತಿದ್ದರು. ನನಗೆ ಬಲ ಕಿವಿಯಲ್ಲಿ, ಸ್ವಲ್ಪ ಹಿಂದೆ, ಹುಲ್ಲಿನ ಮೇಲೆ ಹೆಜ್ಜೆ ಕೇಳಿಸಿತು. ಎರಡು ಜೋಡಿ. ಬಾಯಿಂದ ಬಂದದ್ದು, ‘ಹಿಂದೆ! ಹಿಂದೆ!’

ಐಜಿಎಲ್‌ಗೆ ಕೇಳಿಸಿದ್ದು ‘ಹಿಂದಿ, ಹಿಂದಿ’.

‘ಹಿಂದೀ ಮೇ ಹೀ ಬೋಲ್ ರಹಾ ಹೂಂ, ಭಾಯ್!’ ಅಂದ ಅವನು. ರೆಕಾರ್ಡಿಂಗ್‌ನಲ್ಲಿ ಅವನ ಮಾತು ಮುಗಿಯುವ ಮುಂಚೆ ಮೊದಲ ಗುಂಡು ಕೇಳಿಸುತ್ತದೆ. ನಾಲ್ಕು ಸೆಕೆಂಡಿನಲ್ಲಿ ಮೂವರು ಹೋದರು, ಆಮೇಲೆ ನಾನು. ಎರಡು ಪಾಯಿಂಟ್‌ನಲ್ಲಿ ಮುಂದಿನ ಸುತ್ತು ತಪ್ಪಿತು.

ಮಾರನೇ ದಿನ ಕೋಚ್ ಆ ತುಣುಕನ್ನು ಆರು ಸಲ ಹಾಕಿದ. ಮೊದಲ ಸಲ ಯಾರೂ ಮಾತಾಡಲಿಲ್ಲ. ನಾಲ್ಕನೇ ಸಲಕ್ಕೆ ಒಬ್ಬ ಕಿಸಕ್ಕಂದ. ಆರನೇ ಸಲಕ್ಕೆ ನಾನೂ ನಗುತ್ತಿದ್ದೆ, ಕಣ್ಣಲ್ಲಿ ನೀರಿತ್ತು. ಅಂದಿನಿಂದ ಮೇಜಿನ ಎದುರು ಗೋಡೆಗೆ ನನ್ನದೊಂದು ಹಾಳೆ ಅಂಟಿತು. ಎಡಗಡೆ ಕನ್ನಡ, ಬಲಗಡೆ ಹಿಂದಿ, ನಲವತ್ತು ಮಾತು. ಮೊದಲನೆಯದು: ಹಿಂದೆ – ಪೀಛೆ. ಬೆಳಿಗ್ಗೆ ಮಾವಶಿ ಈರುಳ್ಳಿ ಹೆಚ್ಚುವಾಗ ಪಕ್ಕ ನಿಂತು ‘ಪೀಛೆ, ದೀವಾರ್ ಕೇ ಪೀಛೆ’ ಅನ್ನುತ್ತಿದ್ದೆ. ಅವರು ಹಿಂದೆ ತಿರುಗಿ ನೋಡುತ್ತಿದ್ದರು. ಎರಡು ತಿಂಗಳಿಗೆ ಕನಸೂ ಹಿಂದಿಯಲ್ಲಿ ಬೀಳತೊಡಗಿತು. ಒಂದು ದಿನ ಫೋನಿನಲ್ಲಿ ಅಮ್ಮನಿಗೇ ‘ರುಕ್ ರುಕ್’ ಅಂದುಬಿಟ್ಟೆ.

ಆ ಬೇಸಿಗೆ ಮುಗಿದು ಜೂನ್ ಕೊನೆಗೆ ದೆಹಲಿಯಲ್ಲಿ ಬಿಜಿಎಂಐ ಮಾಸ್ಟರ್ಸ್ ಸೀರೀಸ್ ಶುರುವಾಯಿತು. ನಾವು ಆ 24 ತಂಡಗಳಲ್ಲಿ ಇರಲಿಲ್ಲ. ಆದರೆ ಅದು ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ನೇರ ಪ್ರಸಾರ ಆಯಿತು. ಅಪ್ಪ ಫೋನ್ ಮಾಡಿ, ‘ಲೋ ಮಗ, ಕಬಡ್ಡಿ ಬರೋ ಚಾನೆಲ್‌ನಲ್ಲಿ ನಿಮ್ ಆಟ ಬರ್ತಾ ಇದೆ ಕಣೋ’ ಅಂದರು. ಅಂಗಡಿಗೆ ಬಂದ ರೈತರಿಗೆಲ್ಲ ತೋರಿಸಿದರಂತೆ. ಜುಲೈ 17ಕ್ಕೆ ಫೈನಲ್ ಮುಗಿಯಿತು, ಗ್ಲೋಬಲ್ ಇಸ್ಪೋರ್ಟ್ಸ್ ಗೆದ್ದಿತು. ಹನ್ನೊಂದೇ ದಿನ. ಜುಲೈ 28ರ ಸಂಜೆ ಪ್ಲೇ ಸ್ಟೋರ್‌ನಲ್ಲೂ ಆ್ಯಪ್ ಸ್ಟೋರ್‌ನಲ್ಲೂ ಬಿಜಿಎಂಐ ಇರಲಿಲ್ಲ. ಸರ್ಕಾರದ ಆದೇಶ. ಹಾಲ್‌ನಲ್ಲಿ ಆರು ಜನ ಆರು ಫೋನ್ ಹಿಡಿದು ಹುಡುಕುತ್ತಿದ್ದೆವು, ಒಬ್ಬನ ಫೋನಿನಲ್ಲಿ ಸಿಗದ್ದು ಇನ್ನೊಬ್ಬನದರಲ್ಲಿ ಸಿಗುತ್ತದೆ ಅನ್ನುವ ಹಾಗೆ.

ಇಳಿಸಿಕೊಂಡಿದ್ದವರಿಗೆ ಆಟ ತೆರೆಯುತ್ತಿತ್ತು. ಟೂರ್ನಿ ಇಲ್ಲ, ಪ್ರಾಯೋಜಕರಿಲ್ಲ. ಆಗಸ್ಟ್ ಸಂಬಳ ಬಂತು. ಸೆಪ್ಟೆಂಬರ್‌ನಲ್ಲಿ ಫ್ಲ್ಯಾಟಿನ ಬಾಡಿಗೆ ಕಟ್ಟಿಲ್ಲ ಅಂತ ವಾಚ್‌ಮನ್ ಹೇಳಿದ ಮೇಲೆ ನಮಗೆ ಗೊತ್ತಾಗಿದ್ದು. ಅವರು ಬಿಟ್ಟರೆ ಏನು ಅನ್ನುವ ಅಪ್ಪನ ಪ್ರಶ್ನೆಗೆ ಉತ್ತರ ಒಂದು ಸಾಲಿನ ಮೆಸೇಜ್‌ನಲ್ಲಿ ಬಂತು. ಕೊನೆಗೆ ಮೂರು ಸ್ಮೈಲಿ ಬೇರೆ. ಗೋಡೆಯ ಹಾಳೆ ಕಿತ್ತುಕೊಂಡು ಊರಿಗೆ ಬಂದೆ.

ಊರಿನಲ್ಲಿ ಒಂಬತ್ತು ತಿಂಗಳು ತಂತಿ ಸುತ್ತಿದೆ. ಬೆರಳು ಚುರುಕಿದ್ದವು, ಅಪ್ಪನಿಗೆ ಖುಷಿ. ಆ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಸ್ಪೋರ್ಟ್ಸನ್ನು, ಅಂದರೆ ಸ್ಪರ್ಧೆಯಾಗಿ ಆಡುವ ನಮ್ಮ ಥರದ ವಿಡಿಯೊ ಆಟಗಳನ್ನು, ಬಹುಕ್ರೀಡಾ ಕೂಟಗಳ ಭಾಗವಾಗಿ ಕ್ರೀಡಾ ಸಚಿವಾಲಯದ ಕೆಳಗೆ ತಂದಿತು. ಸುದ್ದಿ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ‘ಹಾಗಾದ್ರೆ ಸ್ಪೋರ್ಟ್ಸ್ ಕೋಟಾ ಸಿಗುತ್ತಾ?’ ಅಂದರು. ಆಡಲು ಆಟವೇ ಇಲ್ಲ, ಕೋಟಾ ಎಲ್ಲಿಂದ ಬರಬೇಕು.

2023ರ ಮೇ ಕೊನೆಗೆ ಬಿಜಿಎಂಐ ವಾಪಸ್ ಬಂತು, ಮೂರು ತಿಂಗಳ ಪರೀಕ್ಷೆಯ ಮೇಲೆ. ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಮಿತಿ. ಅಮ್ಮನಿಗೆ ಜೀವನದಲ್ಲಿ ಮೊದಲ ಸಲ ಸರ್ಕಾರದ ಮೇಲೆ ಪ್ರೀತಿ ಬಂತು. ಹಳೇ ಐಜಿಎಲ್ ಬೇರೊಂದು ತಂಡ ಸೇರಿದ್ದ, ಅವನೇ ಕರೆದ. ‘ಪೀಛೆ ಸೀಖ್ ಲಿಯಾ ನಾ?’ ಅಂದ. ಸಂಬಳ 25 ಸಾವಿರ. ಜೂನ್‌ನಲ್ಲಿ ಮತ್ತೆ ಸ್ಲೀಪರ್ ಬಸ್ಸು.

ಆ ವರ್ಷ ಹೈದರಾಬಾದ್‌ನಲ್ಲಿ ಒಂದು ಲ್ಯಾನ್ ಆಡಿದೆ. ಅಂದರೆ ಎಲ್ಲರೂ ಒಂದೇ ಸಭಾಂಗಣದಲ್ಲಿ, ಜನರ ಎದುರು. ಅದರ ಬಗ್ಗೆ ಬೇರೆಯವರು ಬೆಳಕು, ಕೂಗು, ಸ್ಟೇಜ್ ಅಂತ ಹೇಳುತ್ತಾರೆ. ನನಗೆ ನೆನಪಿರುವುದು ಚಳಿ. ಎಸಿ ಹೇಗೆ ಇಟ್ಟಿದ್ದರೆಂದರೆ ಬೆರಳು ಮರಗಟ್ಟಿ ಹೋಗುತ್ತಿತ್ತು. ಫೋನು ಆಯೋಜಕರೇ ಕೊಡುತ್ತಾರೆ, ನಮ್ಮ ಬಟನ್ ಜೋಡಣೆ, ಸೆನ್ಸಿಟಿವಿಟಿ ಎಲ್ಲ ಅದರಲ್ಲಿ ಹೊಸದಾಗಿ ಹೊಂದಿಸಿಕೊಳ್ಳಬೇಕು. ನಾನು ನಾಲ್ಕು ಬೆರಳಲ್ಲಿ, ಗೈರೋ ಹಾಕಿ ಆಡುವವನು. ಫೋನನ್ನೇ ಓಲಾಡಿಸಿ ಗುರಿ ಇಡಬೇಕು. ಹೆಬ್ಬೆರಳು ಬೆವರದಿರಲಿ ಅಂತ ಪೌಡರ್ ಡಬ್ಬಿ ಒಯ್ದಿದ್ದೆ, ಅಲ್ಲಿ ನೋಡಿದರೆ ಬೆರಳು ಬೆಚ್ಚಗಾಗಿಸಲು ಎರಡು ಮ್ಯಾಚ್‌ಗಳ ನಡುವೆ ಕಂಕುಳಲ್ಲಿ ಕೈ ಸಿಕ್ಕಿಸಿ ಕೂರಬೇಕಾಯಿತು. ಅದೇ ಭಂಗಿಯಲ್ಲಿ ಕ್ಯಾಮೆರಾ ನನ್ನ ಮೇಲೆ ಬಂತು. ಊರಿನವರೆಲ್ಲ ನೋಡಿದ್ದು ಅದೊಂದೇ.

ಅಂಕ ಹೀಗಿತ್ತು: ಗೆದ್ದವರಿಗೆ 10, ಎರಡನೆಯವರಿಗೆ 6, ಮೂರನೆಯವರಿಗೆ 5, ಹಾಗೇ ಇಳಿಯುತ್ತಾ ಏಳನೆಯವರಿಗೂ ಎಂಟನೆಯವರಿಗೂ 1. ಪ್ರತಿ ಕಿಲ್‌ಗೆ 1. ಒಂಬತ್ತನೆಯವರಿಗೆ ಸೊನ್ನೆ. ನಾವು ಒಂದು ಮ್ಯಾಚ್ ಗೆದ್ದೆವು. ಕೊನೆಯ ಇಬ್ಬರು ಎಲ್ಲಿದ್ದಾರೆ ಅಂತ ಹೇಳಿದ್ದು ನಾನು, ಹಿಂದಿಯಲ್ಲಿ, ತಡವರಿಸದೆ. ಉಳಿದ ಮ್ಯಾಚ್‌ಗಳು ಹಳ್ಳ ಹಿಡಿದವು.

ಈಗ ಲೆಕ್ಕ. ತಂಡಕ್ಕೆ ಬಂದ ಬಹುಮಾನ ಎರಡು ಲಕ್ಷ. ಮೊದಲು ನೂರಕ್ಕೆ ಮೂವತ್ತು ಟಿಡಿಎಸ್ ತೆರಿಗೆ, ಉಳಿದದ್ದು 1,40,000. ಅದರಲ್ಲಿ ಸಂಸ್ಥೆಗೆ ಇಪ್ಪತ್ತು ಪರ್ಸೆಂಟ್, 28,000. ಉಳಿದ 1,12,000ವನ್ನು ಐದು ಜನರಿಗೆ ಹಂಚಿದರೆ ತಲೆಗೆ 22,400. ಅದು ನನ್ನ ಕೈ ಸೇರಿದ್ದು ಏಳು ತಿಂಗಳಾದ ಮೇಲೆ. ದೊಡ್ಡ ದುಡ್ಡು ಮಾಡುವವರು ಸ್ಟ್ರೀಮ್ ಮಾಡುವವರು. ಆಡುತ್ತಾ ನಗಿಸಲು ಬರಬೇಕು, ಅದೂ ಹಿಂದಿಯಲ್ಲಿ. ನನ್ನ ನಲವತ್ತು ಮಾತಿನಲ್ಲಿ ಒಂದೂ ಜೋಕ್ ಇರಲಿಲ್ಲ.

2024ರಲ್ಲಿ ಬಲ ಹೆಬ್ಬೆರಳಿನ ಬುಡ ನೋಯತೊಡಗಿತು. ಮೊದಲು ಆಟದ ಕೊನೆಗೆ, ಆಮೇಲೆ ನೀರಿನ ಲೋಟ ಎತ್ತಿದಾಗಲೂ. ತುಮಕೂರಿನ ಡಾಕ್ಟರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿದರು. ಕೂಗಿಕೊಂಡೆ. ‘ಡಿ ಕ್ವೆರ್ವೇನ್ ಅಂತಾರೆ ಇದಕ್ಕೆ. ಹೆಬ್ಬೆರಳಿನ ಸ್ನಾಯುರಜ್ಜು ಊದಿಕೊಂಡಿದೆ. ಹೆತ್ತ ತಾಯಂದಿರಿಗೆ ಮಗು ಎತ್ತಿ ಎತ್ತಿ ಜಾಸ್ತಿ ಬರುತ್ತೆ. ನೀನೇನಪ್ಪಾ ಎತ್ತುತ್ತಿದ್ದೆ?’ ಅಂದರು. ಫೋನು ಅಂದೆ. ಆರು ವಾರ ಪಟ್ಟಿ ಕಟ್ಟಿ ಅಂದರು. ಆರು ವಾರ ಯಾವ ತಂಡವೂ ಕಾಯುವುದಿಲ್ಲ. ನನ್ನ ಜಾಗಕ್ಕೆ ಬಂದವನಿಗೆ ಹದಿನೇಳು. ಕಾಲ್‌ಔಟ್ ಪರವಾಗಿಲ್ಲ, ಎಣಿಕೆ ತಪ್ಪುತ್ತಾನೆ.

ಆಗ ನನಗೆ ಇಪ್ಪತ್ತಮೂರು. ಬಿಟ್ಟದ್ದಕ್ಕೆ ಬೇಜಾರಾಯಿತಾ ಅಂತ ಕೇಳುತ್ತಾರೆ. ಆಯಿತು. ನೋವು ಹೋದ ಮೇಲೆ ಜಾಸ್ತಿ ಆಯಿತು, ಆಡಬಹುದು ಅನ್ನಿಸುತ್ತಿತ್ತಲ್ಲ.

2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾನೂನು ಬಂತು. ದುಡ್ಡು ಕಟ್ಟಿ ಆಡುವ ಆಟಗಳು ಬಂದ್, ಇಸ್ಪೋರ್ಟ್ಸ್ ಬೇರೆ, ಅದಕ್ಕೆ ಮನ್ನಣೆ. ಬೀದಿಯಲ್ಲಿ ಸಿಕ್ಕವರೆಲ್ಲ ‘ನಿನ್ ಆಟ ನಿಂತೋಯ್ತಂತಲ್ಲ’ ಅಂದರು. ಅಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ಅಪ್ಪ ಮಾತ್ರ ಅಂಗಡಿಯಲ್ಲಿ ಆ ಕೆಲಸ ತಾವೇ ವಹಿಸಿಕೊಂಡಿದ್ದಾರೆ. ‘ಅದು ಜೂಜು, ಇದು ಸ್ಪೋರ್ಟ್ಸು’ ಅಂತ ತಂತಿ ಸುತ್ತುತ್ತಲೇ ಹೇಳುತ್ತಾರೆ. ತಂತಿ ಸುತ್ತುವಾಗ ಮಾತಾಡದ ಮನುಷ್ಯ.

ಅಂಗಡಿಯ ಅಟ್ಟದ ಮೇಲೆ ಈಗ ನಾಲ್ಕು ಹುಡುಗರು ಬರುತ್ತಾರೆ. ಇಬ್ಬರು ತಿಪಟೂರು, ಒಬ್ಬ ತುರುವೇಕೆರೆ, ಐಜಿಎಲ್ ಚಿಕ್ಕನಾಯಕನಹಳ್ಳಿಯವನು. ಕಾಲೇಜು ಮುಗಿಸಿ ಸಂಜೆ ಬಂದು ರಾತ್ರಿ ಹತ್ತರವರೆಗೆ ಆಡುತ್ತಾರೆ. ‘ಅಣ್ಣಾ, ಹಿಂದೀಲಿ ಕಾಲ್ ಕೊಡೋದು ಕಲೀಬೇಕಾ?’ ಅಂತ ಕೇಳಿದರು. ಬೇಕಾದಾಗ ಕಲಿತರಾಯಿತು, ಹಾಳೆ ನನ್ನ ಹತ್ತಿರ ಇದೆ ಅಂದೆ. ಸದ್ಯಕ್ಕೆ ಮ್ಯಾಪಿಗೆಲ್ಲ ಅವರದೇ ಹೆಸರುಗಳು. ಅಣ್ಣತಮ್ಮಂದಿರ ಮನೆ ಈಗ ‘ಪಿ.ಜಿ.’ ಆಗಿದೆ.

ಹೋದ ವಾರ ಒಂದು ಕ್ವಾಲಿಫೈಯರ್ ಇತ್ತು. ಮೂರನೇ ಮ್ಯಾಚ್, ಒಂಬತ್ತು ತಂಡ ಉಳಿದಿದ್ದವು. ನಾನು ಹಿಂದೆ ನಿಂತು ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಆಟದ ಮಧ್ಯೆ ಕೋಚ್ ಬಾಯಿ ಬಿಡುವ ಹಾಗಿಲ್ಲ. ತುರುವೇಕೆರೆ ಹುಡುಗ ಒಮ್ಮೆಲೇ ಕೂಗಿದ, ‘ಹಿಂದೆ! ಹಿಂದೆ!’

ನಾಲ್ಕೂ ಜನ ಒಂದೇ ಏಟಿಗೆ ತಿರುಗಿದರು. ಅರ್ಧ ಸೆಕೆಂಡೂ ಆಗಲಿಲ್ಲ. ನನ್ನ ಮೈ ಜುಂ ಅಂದಿತು.

ಹಿಂದೆ ಯಾರೂ ಇರಲಿಲ್ಲ. ಗುಂಡು ಬಂದದ್ದು ಮುಂದಿನಿಂದ.

ಒಂಬತ್ತನೇ ಸ್ಥಾನ, ಸೊನ್ನೆ ಪಾಯಿಂಟ್. ಯಾವ ಸದ್ದು ಕೇಳಿ ಕೂಗಿದೆಯೋ ಅಂತ ಕೇಳಿದೆ. ಹುಡುಗ ತಲೆ ಕೆರೆದುಕೊಂಡ. ರೆಕಾರ್ಡಿಂಗ್ ಹಾಕಿ ನೋಡಿದೆವು. ಕೆಳಗೆ ಅಂಗಡಿಯಲ್ಲಿ ಅಪ್ಪ ರಿಪೇರಿ ಆದ ಮೋಟಾರನ್ನು ಚಾಲೂ ಮಾಡಿ ನೋಡಿದ್ದರು, ಆಟದ ಗಾಡಿಯದೇ ಸದ್ದು. ರಾತ್ರಿ ಎಂಟರ ಮೇಲೆ ಮೋಟಾರ್ ಟೆಸ್ಟ್ ಮಾಡಬೇಡಿ ಅಂತ ಅಪ್ಪನಿಗೆ ಹೇಳಬೇಕು, ಧೈರ್ಯ ಸಾಲುತ್ತಿಲ್ಲ. ನಾಳೆ ಒಂಬತ್ತಕ್ಕೆ ಸ್ಕ್ರಿಮ್ಸ್ ಇದೆ, ಐಡಿಪಿ ಎಂಟೂ ಐವತ್ತಕ್ಕೆ.